ಕಣ್ಣಿಗೆ ಬಿದ್ದರೂ ಕಾಣದ ಪ್ರಶ್ನೆ: ಉದ್ಯಮದಲ್ಲಿ ನೈತಿಕ ಅರಿವು ಎಂದರೇನು?

ಈರುಳ್ಳಿಯೋ ಹತ್ತಿಯೋ ಬರುವ ಕಾಲದಲ್ಲಿ ಬಯಲುಸೀಮೆಯ ಎಪಿಎಂಸಿ ಪ್ರಾಂಗಣಕ್ಕೆ ಬೆಳಿಗ್ಗೆ ಹೋಗಿ ನಿಂತವರಿಗೆ ಈ ದೃಶ್ಯ ಹೊಸದಲ್ಲ. ಹಮಾಲರು ಚೀಲವನ್ನು ತಕ್ಕಡಿಯ ಮೇಲಿಡುತ್ತಾರೆ, ಅಂಕಿ ಮೂಡುತ್ತದೆ, ಪಕ್ಕದಲ್ಲಿ ಕುಳಿತ ಗುಮಾಸ್ತರು ಅದಕ್ಕಿಂತ ಒಂದೆರಡು ಕಿಲೋ ಕಡಿಮೆ ಬರೆದುಕೊಳ್ಳುತ್ತಾರೆ. ಆ ಕಡಿತಕ್ಕೆ ‘ಸೂಟ್’ ಎಂದು ಹೆಸರು. ಚೀಲದ ತೂಕ, ತೇವ, ಮಣ್ಣು ಎಂದು ಒಂದೊಂದು ಕಾರಣ ಹೇಳಿ ಹಿಂದೆಂದೋ ಶುರುವಾದ ಈ ಲೆಕ್ಕವನ್ನು ಚೆನ್ನಾಗಿ ಒಣಗಿಸಿ, ಹಸನು ಮಾಡಿ ತಂದ ಮಾಲಿಗೂ ಹಚ್ಚುತ್ತಾರೆ ಎಂಬುದು ರೈತರ ಹಳೆಯ ದೂರು.

ಇಲ್ಲಿ ಗಮನಿಸಬೇಕಾದವರು ಗುಮಾಸ್ತರು. ಅವರು ಕಳ್ಳರಲ್ಲ. ದಾರಿಯಲ್ಲಿ ಬಿದ್ದ ಪರ್ಸು ಸಿಕ್ಕರೆ ವಾರಸುದಾರರನ್ನು ಹುಡುಕಿ ಕೊಡುವಂಥವರೇ ಇರಬಹುದು. ಆದರೆ ದಿನಕ್ಕೆ ನೂರಾರು ಸಲ ಕೈ ಹಾಗೆ ಬರೆಯುವಾಗ, ಈ ಎರಡು ಕಿಲೋ ಯಾರದು, ಇದನ್ನು ಮುರಿದುಕೊಳ್ಳುವ ಹಕ್ಕು ನಮಗೆಲ್ಲಿಂದ ಬಂತು ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಏಳುವುದೇ ಇಲ್ಲ. ಪ್ರಶ್ನೆ ಎದ್ದು, ಅದಕ್ಕೆ ತಪ್ಪು ಉತ್ತರ ಕೊಡುವುದು ಒಂದು ಸ್ಥಿತಿ. ಪ್ರಶ್ನೆಯೇ ಏಳದಿರುವುದು ಇನ್ನೊಂದು ಸ್ಥಿತಿ. ಈ ಎರಡನೆಯ ಸ್ಥಿತಿಯನ್ನು ಕುರಿತ ಅಧ್ಯಯನ ಕಳೆದ ನಾಲ್ಕೈದು ದಶಕಗಳಲ್ಲಿ ಸಾಕಷ್ಟು ಬೆಳೆದಿದ್ದು, ಪ್ರಶ್ನೆಯನ್ನು ಎಬ್ಬಿಸುವ ಆ ಶಕ್ತಿಯನ್ನು ಅಲ್ಲಿ ನೈತಿಕ ಅರಿವು ಎಂದು ಕರೆಯಲಾಗುತ್ತದೆ.

ಉದ್ಯಮ ಎಂಬುದು ಈಗ ಕೆಲವೇ ಮನೆತನಗಳ ವ್ಯವಹಾರವಾಗಿ ಉಳಿದಿಲ್ಲ. ತಿಂಗಳಿಗೆ 500 ರೂಪಾಯಿಯ ಎಸ್‌ಐಪಿ (ಮ್ಯೂಚುವಲ್ ಫಂಡಿನ ಕಂತು) ಕಟ್ಟುವ ಶಿಕ್ಷಕಿಯ ಹಣ ಯಾವುದೋ ಕಂಪನಿಯ ಷೇರಿನಲ್ಲಿದೆ. ಬೆಂಗಳೂರಿನ ನವೋದ್ಯಮಗಳಲ್ಲಿ ದುಡಿಯುವ ಹುಡುಗರು ಸಂಬಳದ ಒಂದು ಭಾಗವನ್ನು ಷೇರಿನ ರೂಪದಲ್ಲಿ ಪಡೆಯುತ್ತಾರೆ. ಮನೆಯಲ್ಲೇ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ವಾಟ್ಸ್‌ಆ್ಯಪ್ ಮೂಲಕ ಮಾರುವ ಗೃಹಿಣಿಯರೂ ಉದ್ಯಮಿಗಳೇ. ಹೀಗಿರುವಾಗ ಕಂಪನಿ ನಡೆಸುವವರ ಕಣ್ಣಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ನಮ್ಮೆಲ್ಲರ ಮನೆಯ ಸಂಗತಿಯಾಗಿದೆ.

ಅರಿವು ಯಾವುದು, ಅರಿವಲ್ಲದ್ದು ಯಾವುದು

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ ಜೇಮ್ಸ್ ರೆಸ್ಟ್ ಅವರು 1980ರ ದಶಕದಲ್ಲಿ, ಮನುಷ್ಯನೊಬ್ಬ ಸರಿಯಾದದ್ದನ್ನು ಮಾಡಬೇಕಾದರೆ ಅವನೊಳಗೆ ನಾಲ್ಕು ಸಂಗತಿಗಳು ಕೂಡಿಬರಬೇಕು ಎಂದು ವಿವರಿಸಿದರು. ಎದುರಿರುವ ಸಂದರ್ಭದಲ್ಲಿ ಸರಿತಪ್ಪಿನ ಪ್ರಶ್ನೆಯೊಂದು ಅಡಗಿದೆ ಎಂದು ಕಾಣಬೇಕು; ಯಾವುದು ಸರಿ ಎಂದು ತೀರ್ಮಾನಿಸಬೇಕು; ಲಾಭ, ಹೆಸರು, ಅನುಕೂಲಗಳಿಗಿಂತ ಆ ಸರಿಯನ್ನು ಮೇಲಿಡುವ ಮನಸ್ಸಾಗಬೇಕು; ಕೊನೆಗೆ, ಅಡ್ಡಿ ಬಂದರೂ ಮಾಡಿ ಮುಗಿಸುವ ಗಟ್ಟಿತನ ಇರಬೇಕು. ಧೈರ್ಯ, ಪ್ರಾಮಾಣಿಕತೆ ಎಂದು ನಾವು ಸಾಮಾನ್ಯವಾಗಿ ಕೊಂಡಾಡುವ ಗುಣಗಳೆಲ್ಲ ಎರಡನೆಯ ಸಂಗತಿಯಿಂದ ಆಚೆಗೆ ಬರುವಂಥವು. ಮೊದಲನೆಯದೇ ಇಲ್ಲದಿದ್ದರೆ ಉಳಿದ ಮೂರಕ್ಕೆ ಕೆಲಸವೇ ಇರುವುದಿಲ್ಲ. ಕಣ್ಣಿಗೆ ಕಾಣದ ಕಳೆಯನ್ನು ಎಷ್ಟೇ ಶ್ರಮಜೀವಿಯಾದ ರೈತನೂ ಕೀಳಲಾರ.

ಈ ಮೊದಲ ಸಂಗತಿಯೇ ನೈತಿಕ ಅರಿವು. ಕಾನೂನಿನ ಜ್ಞಾನ ಅದಕ್ಕಿಂತ ಬೇರೆ. ಕಾನೂನು ಬಲ್ಲವರಿಗೆ ನಿಷೇಧಿಸಿದ್ದು ಯಾವುದು ಎಂದು ತಿಳಿದಿರುತ್ತದೆ, ಆದರೆ ನಿಷೇಧಿಸದೆ ಉಳಿದ ವಿಶಾಲವಾದ ಬಯಲಿನಲ್ಲಿ ಯಾರಿಗೆ ನೋವಾಗುತ್ತಿದೆ ಎಂಬುದು ತಾನಾಗಿ ತಿಳಿಯುವುದಿಲ್ಲ. ದಾನಧರ್ಮವೂ ಬೇರೆ. ದಾನ ಎಂಬುದು ಗಳಿಸಿದ ಹಣ ಹೋಗುವ ದಾರಿ. ಅರಿವಿನ ಪ್ರಶ್ನೆ ಆ ಹಣ ಬಂದ ದಾರಿಯಿಂದಲೇ ಶುರುವಾಗುತ್ತದೆ.

ಕನ್ನಡಿಗರಿಗೆ ಇದನ್ನು ವಿವರಿಸಲು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಒಂದು ಪ್ರಸಂಗ ಸಿದ್ಧವಾಗಿಯೇ ಇದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಕಂಡು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎನ್ನುತ್ತಾಳೆ. ಮಾರಯ್ಯ ಕದ್ದು ತಂದಿರಲಿಲ್ಲ, ಯಾರಿಗೂ ಸುಳ್ಳು ಹೇಳಿರಲಿಲ್ಲ. ಅವನಿಗೆ ಕಂಡದ್ದು ಅಕ್ಕಿ. ಲಕ್ಕಮ್ಮನಿಗೆ ಕಂಡದ್ದು ಆ ಅಕ್ಕಿಯ ಅಳತೆಯಲ್ಲಿ ಅಡಗಿದ್ದ ಪ್ರಶ್ನೆ. ಒಂದೇ ಮೊರದ ಮುಂದೆ ನಿಂತ ಇಬ್ಬರಿಗೆ ಬೇರೆಬೇರೆ ಸಂಗತಿ ಕಾಣುವುದು ಹೇಗೆ ಎಂಬುದೇ ನೈತಿಕ ಅರಿವಿನ ಅಧ್ಯಯನದ ವಸ್ತು.

ಸುಟ್ಟ ಕಾರಿನ ಮುಂದೆ ನಿಂತ ಅಧಿಕಾರಿ

ಈ ವಿಷಯದಲ್ಲಿ ಒಂದೇ ಒಂದು ಉದಾಹರಣೆ ಕೊಡಿ ಎಂದರೆ ನಾನು ಡೆನಿಸ್ ಜೋಯಾ ಎಂಬುವರ ಅನುಭವವನ್ನು ಆರಿಸುತ್ತೇನೆ, ಏಕೆಂದರೆ ಅದನ್ನು ಬರೆದವರು ಅವರೇ. 1972ರಲ್ಲಿ ಅವರು ಅಮೆರಿಕದ ಫೋರ್ಡ್ ಮೋಟಾರು ಕಂಪನಿಗೆ ಸೇರಿದರು. ವಿದ್ಯಾರ್ಥಿ ದೆಸೆಯಲ್ಲಿ ದೊಡ್ಡ ಕಂಪನಿಗಳ ನಡತೆಯನ್ನು ಟೀಕಿಸುತ್ತಿದ್ದ, ಒಳಗೆ ಹೋಗಿ ಬದಲಾಯಿಸಬೇಕೆಂಬ ಹಂಬಲವಿದ್ದ ಯುವಕ. ಬೇಗನೆ ಅವರಿಗೆ ಸಿಕ್ಕ ಹುದ್ದೆ, ದೋಷವಿರುವ ಕಾರುಗಳನ್ನು ಕಂಪನಿಗೆ ವಾಪಸು ಕರೆಸುವ ಕೆಲಸದ ಮೇಲ್ವಿಚಾರಣೆ.

ಆಗ ಫೋರ್ಡ್ ಕಂಪನಿಯ ಪಿಂಟೊ ಎಂಬ ಸಣ್ಣ ಕಾರು ಮಾರುಕಟ್ಟೆಯಲ್ಲಿತ್ತು. ಅದರ ಪೆಟ್ರೋಲ್ ಟ್ಯಾಂಕು ಹಿಂದಿನ ಚಕ್ರಗಳ ಅಚ್ಚಿಗಿಂತಲೂ ಹಿಂದೆ ಇದ್ದುದರಿಂದ, ಹಿಂದಿನಿಂದ ಇನ್ನೊಂದು ವಾಹನ ಗುದ್ದಿದಾಗ ಟ್ಯಾಂಕು ಒಡೆದು ಬೆಂಕಿ ಹತ್ತುವ ಅಪಾಯವಿತ್ತು. ಹಾಗೆ ಸುಟ್ಟು ಕರಕಲಾದ ಕಾರೊಂದನ್ನು ಜೋಯಾ ಕಣ್ಣಾರೆ ಕಂಡರು. ಆದರೂ ವಾಪಸಾತಿ ಸಮಿತಿಯ ಮುಂದೆ ವಿಷಯ ಬಂದಾಗ, ವಾಪಸು ಕರೆಸುವುದು ಬೇಡ ಎಂದವರ ಜೊತೆ ಅವರೂ ಮತ ಹಾಕಿದರು. ಕಾರಣ ಸರಳವಾಗಿತ್ತು. ಅವರ ಮೇಜಿನ ಮೇಲೆ ಒಂದೇ ಕಾಲಕ್ಕೆ ನೂರರಷ್ಟು ವಾಪಸಾತಿ ಕಡತಗಳಿದ್ದವು. ಯಾವುದನ್ನು ಮೇಲೆತ್ತಬೇಕು ಎಂಬುದಕ್ಕೆ ಸಿದ್ಧ ಮಾನದಂಡವಿತ್ತು. ದೋಷ ಪದೇಪದೇ ಮರುಕಳಿಸಿರಬೇಕು ಅಥವಾ ಅದರ ಕಾರಣ ನೇರವಾಗಿ ಗುರುತು ಸಿಗುವಂತಿರಬೇಕು. ಪಿಂಟೊ ಬಗ್ಗೆ ಬಂದಿದ್ದ ವರದಿಗಳು ಕೆಲವೇ ಕೆಲವು. ಮಾನದಂಡಕ್ಕೆ ಅದು ಹೊಂದಲಿಲ್ಲ, ಕಡತ ಮುಚ್ಚಿತು.

ಅವರು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ ಎಂಬುದಕ್ಕೆ ಒಂದು ಸಾಕ್ಷಿ ಓದಿದವರನ್ನು ಕಲಕುತ್ತದೆ. ಜೋಯಾ ಸ್ವತಃ ಪಿಂಟೊ ಓಡಿಸುತ್ತಿದ್ದರು, ಆಮೇಲೆ ಅದನ್ನು ತಮ್ಮ ಸಹೋದರಿಗೇ ಮಾರಿದರು. ಅಪಾಯ ಗೊತ್ತಿದ್ದೂ ಲಾಭಕ್ಕಾಗಿ ಕಣ್ಣು ಮುಚ್ಚಿಕೊಂಡವರು ಹಾಗೆ ಮಾಡುವುದಿಲ್ಲ. 1975ರಲ್ಲಿ ಅವರು ಕೆಲಸ ಬಿಟ್ಟರು. 1978ರಲ್ಲಿ ಫೋರ್ಡ್ ಸುಮಾರು 15 ಲಕ್ಷ ಕಾರುಗಳನ್ನು ವಾಪಸು ಕರೆಸಬೇಕಾಯಿತು. ಪ್ರಾಧ್ಯಾಪಕರಾದ ಮೇಲೆ, 1992ರಲ್ಲಿ, ಜೋಯಾ ಈ ಅನುಭವವನ್ನು ಬಿಚ್ಚಿ ಬರೆದರು. ರೂಢಿಯಾದ ಕೆಲಸ ಮನಸ್ಸಿನಲ್ಲಿ ಒಂದು ಸಿದ್ಧ ಜಾಡನ್ನು ಮಾಡಿಬಿಡುತ್ತದೆ, ಎತ್ತಿನ ಗಾಡಿಯ ಚಕ್ರ ಹಳೆಯ ಜಾಡಿನಲ್ಲೇ ಉರುಳಿದಂತೆ ಯೋಚನೆಯೂ ಅದರಲ್ಲೇ ಉರುಳುತ್ತದೆ. ಆ ಜಾಡಿನಲ್ಲಿ ಸಂಖ್ಯೆಗೆ, ವೆಚ್ಚಕ್ಕೆ, ಮಾನದಂಡಕ್ಕೆ ಜಾಗವಿತ್ತು, ಸರಿತಪ್ಪಿಗೆ ಜಾಗವೇ ಇರಲಿಲ್ಲ ಎಂಬುದು ಅವರ ವಿವರಣೆಯ ತಿರುಳು.

ಅರಿವು ಮಸುಕಾಗುವ ಬಗೆ

ನೋಡುವ ಕಣ್ಣು ಯಾಕೆ ಮಸುಕಾಗುತ್ತದೆ? 2004ರಲ್ಲಿ ಆನ್ ಟೆನ್‌ಬ್ರುನ್ಸೆಲ್ ಮತ್ತು ಡೇವಿಡ್ ಮೆಸಿಕ್ ಎಂಬ ಸಂಶೋಧಕರು ಈ ಕ್ರಿಯೆಗೆ ನೈತಿಕ ಮಸುಕು ಎಂಬ ಅರ್ಥದ ಹೆಸರು ಕೊಟ್ಟು, ಅದರಲ್ಲಿ ಭಾಷೆಯ ಪಾತ್ರ ದೊಡ್ಡದು ಎಂದು ತೋರಿಸಿದರು. ಕನ್ನಡದಲ್ಲಿ ಇದಕ್ಕೆ ‘ಮಾಮೂಲು’ ಎಂಬ ಮಾತಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವಾಡಿಕೆಯಾದದ್ದು ಎಂಬ ಅರ್ಥದ ಶಬ್ದವೇ ಲಂಚಕ್ಕೆ ಹೆಸರಾಗಿ ಕುಳಿತಿದೆ. ‘ಲಂಚ ಕೊಟ್ಟು ಬಂದೆ’ ಎನ್ನಲು ನಾಲಿಗೆ ತಡವರಿಸುತ್ತದೆ, ‘ಮಾಮೂಲು ಕೊಟ್ಟು ಬಂದೆ’ ಎನ್ನಲು ತಡವರಿಸುವುದಿಲ್ಲ. ‘ಎರಡನೇ ನಂಬರ್ ಲೆಕ್ಕ’, ‘ಮೇಲುಸಂಪಾದನೆ’, ‘ಸ್ವಲ್ಪ ಅಡ್ಜಸ್ಟ್ ಮಾಡಿ’, ಮಂಡಿಯ ‘ಸೂಟ್’, ಇವೆಲ್ಲ ಅದೇ ಕೆಲಸ ಮಾಡುವ ಮಾತುಗಳು. ಸಂಗತಿ ಹಾಗೆಯೇ ಇರುತ್ತದೆ, ಅದರ ಮೈಮೇಲಿನ ಮುಳ್ಳುಗಳನ್ನು ಮಾತ್ರ ಶಬ್ದ ಸವರಿಹಾಕುತ್ತದೆ.

ಹಣದ ಲೆಕ್ಕವೂ ಪ್ರಶ್ನೆಯ ಸ್ವರೂಪವನ್ನು ಬದಲಿಸಬಲ್ಲದು. ಇಸ್ರೇಲಿನ ಹೈಫಾ ನಗರದ 10 ಶಿಶುವಿಹಾರಗಳಲ್ಲಿ ನಡೆದು 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಅವುಗಳಲ್ಲಿ ಆರು ಕಡೆ ದಂಡ ವಿಧಿಸಲು ಶುರುಮಾಡಿದರು. ತಡವಾಗಿ ಬರುವವರ ಸಂಖ್ಯೆ ಇಳಿಯುವ ಬದಲು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಮೊದಲು ‘ನಮ್ಮಿಂದ ಟೀಚರ್ ಕಾಯಬೇಕಾಗುತ್ತದೆ’ ಎಂಬ ಸಂಕೋಚವಿತ್ತು. ದಂಡ ಬಂದ ಮೇಲೆ ಅದು ದುಡ್ಡು ಕೊಟ್ಟು ಪಡೆಯುವ ಸೇವೆಯಾಯಿತು. ದಂಡವನ್ನು ರದ್ದು ಮಾಡಿದ ಮೇಲೂ ಆ ಸಂಕೋಚ ಮರಳಲಿಲ್ಲ ಎಂಬುದು ಕಂಪನಿಯ ನಿಯಮಗಳನ್ನು ಬರೆಯುವವರೆಲ್ಲ ನೆನಪಿಡಬೇಕಾದ ಅಂಶ. ಮಾಲಿನ್ಯಕ್ಕೆ ದಂಡ ಕಟ್ಟಿದರಾಯಿತು ಎಂದು ಕಾರ್ಖಾನೆ ಲೆಕ್ಕ ಹಾಕುವಾಗ ನಡೆಯುವುದೂ ಇದೇ.

ಅವಸರ ಇನ್ನೊಂದು ಕಾರಣ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳನ್ನು ಇನ್ನೊಂದು ಕಟ್ಟಡಕ್ಕೆ ಹೋಗಿ ಮಾತನಾಡಲು ಹೇಳಿ, ದಾರಿಯಲ್ಲಿ ನರಳುತ್ತ ಕುಳಿತ ವ್ಯಕ್ತಿಯೊಬ್ಬನನ್ನು ಇರಿಸಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಸಮಯ ಸಾಕಷ್ಟಿದೆ ಎಂದುಕೊಂಡವರಲ್ಲಿ 63 ಶೇಕಡ ಮಂದಿ ನಿಂತು ನೆರವಾದರು. ತಡವಾಗಿದೆ ಎಂದುಕೊಂಡವರಲ್ಲಿ ನಿಂತವರು 10 ಶೇಕಡ ಮಾತ್ರ. ಕೆಲವರು ಮಾತನಾಡಬೇಕಾಗಿದ್ದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಬೈಬಲ್ ಕಥೆಯಾಗಿತ್ತು. ಬಂಡವಾಳ ಮುಗಿಯುವ ಮುನ್ನ ಮುಂದಿನ ಸುತ್ತಿನ ಹೂಡಿಕೆ ತರಬೇಕು ಎಂಬ ಗಡುವಿನಲ್ಲೇ ಬದುಕುವ ನವೋದ್ಯಮದ ಯುವಕರಿಗೆ ಇದು ದೂರದ ಮಾತಲ್ಲ.

ಗುರಿ ನಿಗದಿಪಡಿಸುವ ರೀತಿಯೂ ಹಾಗೆಯೇ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಪ್ರತಿ ಗ್ರಾಹಕರಿಗೂ ಎಂಟು ಬಗೆಯ ಸೇವೆಗಳನ್ನು ಮಾರಬೇಕೆಂಬ ಒತ್ತಡವಿತ್ತು. ನೌಕರರು ಗ್ರಾಹಕರಿಗೆ ಗೊತ್ತಿಲ್ಲದಂತೆ ಅವರ ಹೆಸರಿನಲ್ಲಿ ಖಾತೆ ತೆರೆದರು. 2016ರಲ್ಲಿ ಇದು ಬಯಲಾದಾಗ ಅದಕ್ಕಾಗಿ ಕೆಲಸ ಕಳೆದುಕೊಂಡವರ ಸಂಖ್ಯೆ ಸುಮಾರು 5,300. ಅಷ್ಟೊಂದು ಜನ ಹುಟ್ಟಾ ಮೋಸಗಾರರಾಗಿದ್ದು, ಆಕಸ್ಮಿಕವಾಗಿ ಒಂದೇ ಬ್ಯಾಂಕಿಗೆ ಬಂದು ಸೇರಿದ್ದರು ಎಂದು ಯಾರೂ ನಂಬಲಾರರು. ಸಂಜೆ ಮ್ಯಾನೇಜರ್ ಕೇಳುವುದು ಒಂದೇ ಅಂಕಿಯನ್ನಾದರೆ ನೌಕರನ ಕಣ್ಣಿಗೂ ಕಾಣುವುದು ಅದೊಂದೇ. ನಾಯಕತ್ವದ ಜವಾಬ್ದಾರಿ ಇಲ್ಲಿಂದ ಶುರುವಾಗುತ್ತದೆ.

ಸತ್ಯಂ: ಸಣ್ಣ ಅಂತರದಿಂದ ಹುಲಿಯ ಬೆನ್ನಿಗೆ

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪನಿಯ ಸ್ಥಾಪಕ ಬಿ. ರಾಮಲಿಂಗ ರಾಜು ಅವರು ಆಡಳಿತ ಮಂಡಳಿಗೆ ಪತ್ರ ಬರೆದು, ಲೆಕ್ಕಪತ್ರಗಳಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನ ಪೈಕಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಆಗ ಕಂಪನಿಯಲ್ಲಿ 50 ಸಾವಿರಕ್ಕೂ ಹೆಚ್ಚು ನೌಕರರಿದ್ದರು. ಅದೊಂದೇ ದಿನ ಷೇರಿನ ಬೆಲೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು.

ಪತ್ರದಲ್ಲಿದ್ದ ಒಂದು ತ್ರೈಮಾಸಿಕದ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಇಡೀ ಹಗರಣದ ಯಂತ್ರ ಅರ್ಥವಾಗುತ್ತದೆ. 2008ರ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳಲ್ಲಿ ಕಂಪನಿ ತೋರಿಸಿದ ವರಮಾನ 2,700 ಕೋಟಿ, ನಿಜವಾಗಿ ಬಂದದ್ದು 2,112 ಕೋಟಿ. ತೋರಿಸಿದ ಕಾರ್ಯಾಚರಣೆಯ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ಎರಡೂ ಕಡೆ ಅಂತರ ಒಂದೇ, 588 ಕೋಟಿ. ಇಲ್ಲದ ವರಮಾನ ತೋರಿಸಿದರೆ ಅದಕ್ಕೆ ತಕ್ಕಂತೆ ಇಲ್ಲದ ಹಣವನ್ನೂ ಬ್ಯಾಂಕಿನಲ್ಲಿ ತೋರಿಸಬೇಕು. ಆ ಹಣಕ್ಕೆ ಇಲ್ಲದ ಬಡ್ಡಿಯನ್ನೂ ತೋರಿಸಬೇಕು. ಮುಂದಿನ ಸಲ ಲಾಭ ಇನ್ನಷ್ಟು ಏರಬೇಕೆಂದು ಮಾರುಕಟ್ಟೆ ನಿರೀಕ್ಷಿಸುವುದರಿಂದ ಸುಳ್ಳೂ ಅಷ್ಟೇ ಏರಬೇಕು. ತನಿಖೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ನಕಲಿ ಬಿಲ್ಲುಗಳು ಪತ್ತೆಯಾದವು. ನಿಜವಾದ ಲಾಭಕ್ಕೂ ಲೆಕ್ಕದಲ್ಲಿ ತೋರಿಸಿದ್ದಕ್ಕೂ ಮೊದಲು ಇದ್ದದ್ದು ಸಣ್ಣ ಅಂತರ, ಅದು ವರ್ಷಗಳ ಮೇಲೆ ಬೆಳೆಯುತ್ತ ಹೋಯಿತು ಎಂದು ರಾಜು ಬರೆದರು. ಹುಲಿಯ ಮೇಲೆ ಸವಾರಿ ಹೊರಟಂತಾಗಿತ್ತು, ಅದಕ್ಕೆ ಆಹಾರವಾಗದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಎಂಬುದು ಅವರದೇ ಹೋಲಿಕೆ.

ಆ ಪತ್ರಕ್ಕೂ ಮೂರು ವಾರ ಮೊದಲು, 2008ರ ಡಿಸೆಂಬರ್ 16ರಂದು, ರಾಜು ಕುಟುಂಬದ ನಂಟಿದ್ದ ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳಲು ಸತ್ಯಂ ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿತ್ತು. ಸತ್ಯಂ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಬರೆದರೆ ಸಿಗುವ ಹೆಸರೇ ಮೇಟಾಸ್. ಆ ಮಂಡಳಿಯ ಸ್ವತಂತ್ರ ನಿರ್ದೇಶಕರಲ್ಲಿ, ಅಂದರೆ ಕಂಪನಿಯ ಹಂಗಿಲ್ಲದೆ ಹೊರಗಿನಿಂದ ಬಂದ ಸದಸ್ಯರಲ್ಲಿ, ವ್ಯವಹಾರ ನಿರ್ವಹಣೆಯನ್ನು ಕಲಿಸುವ ಹೆಸರಾಂತ ಸಂಸ್ಥೆಗಳ ಪ್ರಾಧ್ಯಾಪಕರಿದ್ದರು. ಹೂಡಿಕೆದಾರರು ಸಿಟ್ಟಾದ ಕಾರಣಕ್ಕೆ ಕೆಲವೇ ಗಂಟೆಗಳಲ್ಲಿ ಆ ಖರೀದಿ ರದ್ದಾಯಿತು. ತಂದೆಯ ಕಂಪನಿಯ ದುಡ್ಡಿನಿಂದ ಮಕ್ಕಳ ಕಂಪನಿಯನ್ನು ಕೊಳ್ಳುವುದರಲ್ಲಿ ಯಾರ ಹಿತ ಅಡಗಿದೆ ಎಂಬುದು ಹೊರಗಿನ ಸಾಮಾನ್ಯ ಷೇರುದಾರರಿಗೆ ಥಟ್ಟನೆ ಕಂಡಿತು. ಒಳಗೆ ಕುಳಿತ ಪಂಡಿತರು ಬೆಲೆ, ಮೌಲ್ಯಮಾಪನ, ನಿಯಮಾವಳಿಗಳನ್ನು ಚರ್ಚಿಸಿ ಸಮ್ಮತಿಸಿದ್ದರು. ಅರಿವು ಪಾಂಡಿತ್ಯದ ಜೊತೆಗೆ ಉಚಿತವಾಗಿ ಬರುವುದಿಲ್ಲ ಎಂದು ಹೇಳಲು ನನಗೆ ಇದಕ್ಕಿಂತ ಬಲವಾದ ನಿದರ್ಶನ ಗೊತ್ತಿಲ್ಲ.

ಲೆಕ್ಕಪರಿಶೋಧಕರ ವಿಷಯದಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಕಂಡ ಮುಖ್ಯ ಲೋಪ, ಬ್ಯಾಂಕಿನಲ್ಲಿ ಹಣವಿದೆಯೇ ಎಂಬುದನ್ನು ಬ್ಯಾಂಕಿನಿಂದಲೇ ನೇರವಾಗಿ ಖಚಿತಪಡಿಸಿಕೊಳ್ಳದೆ ಕಂಪನಿಯವರು ತಂದುಕೊಟ್ಟ ಕಾಗದಗಳನ್ನು ನಂಬಿದ್ದು. ಮಗನ ಅಂಕಪಟ್ಟಿಯನ್ನು ಶಾಲೆಯಲ್ಲಿ ಕೇಳದೆ ಮಗನ ಕೈಯಿಂದಲೇ ಪಡೆದು ಸಂತೋಷಪಟ್ಟಂತೆ ಅದು.

ಕರ್ನಾಟಕದ ಓದುಗರಿಗೆ ಈ ಕಥೆಯ ಇನ್ನೊಂದು ಮಗ್ಗುಲು ಹತ್ತಿರದ್ದು. ಅಪಘಾತವಾದಾಗ ನಾವು ಕರೆಯುವ 108 ಆಂಬುಲೆನ್ಸ್ ಸೇವೆಯನ್ನು 2005ರಲ್ಲಿ ಹೈದರಾಬಾದಿನಲ್ಲಿ ಶುರುಮಾಡಿದ ಸಂಸ್ಥೆಯನ್ನು ಕಟ್ಟಿ, ಹಣ ಕೊಟ್ಟು ಬೆಳೆಸಿದವರು ಇದೇ ರಾಜು ಕುಟುಂಬದವರು. ಅದೇ ಸಂಸ್ಥೆಯ ಸಹಭಾಗಿತ್ವದಲ್ಲಿ 2008ರಲ್ಲಿ ನಮ್ಮ ರಾಜ್ಯದ ‘ಆರೋಗ್ಯ ಕವಚ’ ಆರಂಭವಾಯಿತು. ಅದರಿಂದ ಉಳಿದ ಜೀವಗಳು ನಿಜ, ಲೆಕ್ಕದ ಪುಸ್ತಕದ ಸುಳ್ಳೂ ನಿಜ. ಒಂದೇ ಮನಸ್ಸಿನ ಒಂದು ಕೋಣೆಯಲ್ಲಿ ದೀಪ ಉರಿಯುತ್ತಿದ್ದು ಇನ್ನೊಂದು ಕೋಣೆ ಕತ್ತಲಾಗಿರಲು ಸಾಧ್ಯ. ಮನುಷ್ಯ ಒಳ್ಳೆಯವನೋ ಕೆಟ್ಟವನೋ ಎಂದು ಒಟ್ಟಾರೆಯಾಗಿ ಕೇಳಿದರೆ ಈ ಪ್ರಕರಣ ಅರ್ಥವಾಗುವುದಿಲ್ಲ. 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ರಾಜು ಮತ್ತು ಇತರ ಒಂಬತ್ತು ಮಂದಿಯನ್ನು ದೋಷಿಗಳೆಂದು ಸಾರಿ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಮರುತಿಂಗಳೇ ಅವರಿಗೆ ಜಾಮೀನು ಸಿಕ್ಕಿತು.

ಸ್ಥಾಪಕರ ಕನಸಿಗೂ ಸುಳ್ಳಿಗೂ ನಡುವಿನ ಗೆರೆ

ಹೊಸದಾಗಿ ಉದ್ಯಮ ಕಟ್ಟುವವರ ಕಷ್ಟ ದೊಡ್ಡ ಕಂಪನಿಯ ಮ್ಯಾನೇಜರುಗಳ ಕಷ್ಟಕ್ಕಿಂತ ಬೇರೆ ಬಗೆಯದು. ಇನ್ನೂ ಇಲ್ಲದ ವಸ್ತುವನ್ನು ಇದೆ ಎಂಬಷ್ಟು ನಂಬಿಕೆಯಿಂದ ಮಾತನಾಡದಿದ್ದರೆ ಯಾರೂ ಹಣ ಹೂಡುವುದಿಲ್ಲ, ಯಾರೂ ಕೆಲಸಕ್ಕೆ ಸೇರುವುದಿಲ್ಲ. ಹೀಗಾಗಿ ಕನಸು ಹೇಳುವುದು ಅವರ ಕಸುಬಿನ ಭಾಗವೇ ಆಗಿದೆ. ಗೆರೆ ಎಲ್ಲಿದೆ ಎಂದು ತಿಳಿಯಲು ನಾನು ಬಳಸುವ ಅಳತೆಗೋಲು ಕ್ರಿಯಾಪದದ ಕಾಲ. ‘ಎರಡು ವರ್ಷದಲ್ಲಿ ಹತ್ತು ಜಿಲ್ಲೆಗಳಿಗೆ ತಲುಪುತ್ತೇವೆ’ ಎಂಬುದು ಭವಿಷ್ಯದ ಮಾತು. ಕೇಳುವವರಿಗೆ ಅದು ಆಸೆ ಎಂದು ಗೊತ್ತು, ನಂಬುವುದು ಬಿಡುವುದು ಅವರ ವಿವೇಚನೆ. ‘ಈಗ ಹತ್ತು ಜಿಲ್ಲೆಗಳಲ್ಲಿ ಇದ್ದೇವೆ’ ಎಂಬುದು ವರ್ತಮಾನದ ಮಾತು, ಅದು ನಿಜವಾಗಿರಲೇಬೇಕು.

ಅಮೆರಿಕದ ಥೆರಾನೋಸ್ ಕಂಪನಿ ಜಾರಿದ್ದು ಈ ಗೆರೆಯ ಮೇಲೆಯೇ. ಎಲಿಜಬೆತ್ ಹೋಮ್ಸ್ 2003ರಲ್ಲಿ, ತಮ್ಮ 19ನೇ ವಯಸ್ಸಿನಲ್ಲಿ, ಬೆರಳ ತುದಿಯ ಕೆಲವು ಹನಿ ರಕ್ತದಿಂದ ಹಲವು ಪರೀಕ್ಷೆಗಳನ್ನು ಮಾಡುವ ಕನಸಿನೊಂದಿಗೆ ಅದನ್ನು ಕಟ್ಟಿದರು. ಮಾಡುತ್ತೇವೆ ಎಂಬ ಮಾತು ಮಾಡುತ್ತಿದ್ದೇವೆ ಎಂದು ಬದಲಾದಾಗ ನಿಜವಾದ ರೋಗಿಗಳಿಗೆ ನಂಬಲಾಗದ ವರದಿಗಳು ಹೋದವು. ಹೂಡಿಕೆದಾರರಿಗೆ ವಂಚಿಸಿದ ಆರೋಪದಲ್ಲಿ 2022ರಲ್ಲಿ ಹೋಮ್ಸ್ ದೋಷಿಯೆಂದು ತೀರ್ಪು ಬಂದು, 11 ವರ್ಷಗಳಿಗೂ ಹೆಚ್ಚಿನ ಸೆರೆವಾಸ ವಿಧಿಸಲಾಯಿತು. ಅಲ್ಲಿನ ದೋಷವನ್ನು ಹೊರಗೆಡವಿದವರಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ, ಆಗತಾನೇ ಓದು ಮುಗಿಸಿದ್ದ ಇಬ್ಬರು ತರುಣ ನೌಕರರಿದ್ದರು. ಕಂಪನಿಯ ಜಾಡಿಗೆ ಇನ್ನೂ ಒಗ್ಗದ ಕಣ್ಣುಗಳಿಗೆ ಅದು ಕಂಡಿತು.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಸತ್ಯಂ ಹಗರಣದ ಪಾಠಗಳು 2013ರ ಕಂಪನಿ ಕಾಯ್ದೆಯಲ್ಲಿ ಹಲವು ಕಡೆ ಕಾಣುತ್ತವೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ ಮಂಡಳಿಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರಿರಬೇಕು. ಒಂದೇ ಲೆಕ್ಕಪರಿಶೋಧನಾ ಸಂಸ್ಥೆ ಅಂಥ ಕಂಪನಿಯಲ್ಲಿ ಸತತವಾಗಿ ಐದೈದು ವರ್ಷಗಳ ಎರಡು ಅವಧಿಗಿಂತ ಹೆಚ್ಚು ಮುಂದುವರಿಯುವಂತಿಲ್ಲ. ತಪ್ಪು ಕಂಡ ನೌಕರರು ಭಯವಿಲ್ಲದೆ ತಿಳಿಸುವ ವ್ಯವಸ್ಥೆ ಇರಬೇಕು. ಆ ಕಾಯ್ದೆಯ 166ನೇ ಸೆಕ್ಷನ್ ನಿರ್ದೇಶಕರ ಕರ್ತವ್ಯಗಳನ್ನು ಹೇಳುವಾಗ ಷೇರುದಾರರ ಜೊತೆಗೆ ನೌಕರರು, ಸಮುದಾಯ, ಪರಿಸರ ಇವುಗಳನ್ನೂ ಹೆಸರಿಸುತ್ತದೆ.

ಇದೇ ಕಾಯ್ದೆಯ 135ನೇ ಸೆಕ್ಷನ್ ಹೆಚ್ಚು ಪ್ರಸಿದ್ಧ. 500 ಕೋಟಿ ರೂಪಾಯಿಯ ನಿವ್ವಳ ಮೌಲ್ಯ, 1,000 ಕೋಟಿಯ ವಹಿವಾಟು, 5 ಕೋಟಿಯ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ತನ್ನ ಮೂರು ವರ್ಷಗಳ ಸರಾಸರಿ ಲಾಭದ 2 ಶೇಕಡವನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಶಾಲೆಗಳ ಗೋಡೆಯ ಮೇಲೆ ನಾವು ನೋಡುವ ‘ಸಿಎಸ್‌ಆರ್’ ಫಲಕಗಳ ಹಿಂದಿರುವುದು ಈ ನಿಯಮ. ಅದು ಉಪಯುಕ್ತವಾದದ್ದು, ಆದರೆ ಉಳಿದ 98 ಶೇಕಡ ಲಾಭ ಹೇಗೆ ಬಂತು ಎಂಬ ಪ್ರಶ್ನೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಕಾನೂನು ಹಿಂದಿನ ಅಪಘಾತದ ಜಾಗದಲ್ಲಿ ರಸ್ತೆಯುಬ್ಬು ಹಾಕಿ, ಫಲಕ ನೆಡಬಲ್ಲದು. ಮುಂದಿನ ತಿರುವಿನಲ್ಲಿ ಎದುರಾಗುವ ದನವನ್ನು ಚಾಲಕನೇ ನೋಡಬೇಕು.

ಅರಿವನ್ನು ಅಭ್ಯಾಸ ಮಾಡಿಕೊಳ್ಳುವುದು

ಅರಿವು ಹುಟ್ಟುಗುಣವಾಗಿದ್ದರೆ ಇಷ್ಟೆಲ್ಲ ಬರೆದು ಪ್ರಯೋಜನವಿರಲಿಲ್ಲ. ಅದನ್ನು ಅಭ್ಯಾಸದಿಂದ ಬೆಳೆಸಬಹುದು ಎಂಬುದಕ್ಕೆ ಟೈಲೆನಾಲ್ ಮಾತ್ರೆಯ ಪ್ರಕರಣವನ್ನು ಹೇಳುವುದು ವಾಡಿಕೆ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಷಿಕಾಗೊ ಸುತ್ತಮುತ್ತ ಆ ನೋವಿನ ಮಾತ್ರೆ ನುಂಗಿದ ಏಳು ಮಂದಿ ಸತ್ತರು. ಯಾರೋ ಕ್ಯಾಪ್ಸೂಲುಗಳಿಗೆ ಸಯನೈಡ್ ತುಂಬಿದ್ದರು, ಅದು ಕಾರ್ಖಾನೆಯಲ್ಲಿ ಆದದ್ದಲ್ಲ, ಅಂಗಡಿಗಳಿಗೆ ಹೋದ ಮೇಲೆ ಆದದ್ದು. ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿಯ ಮುಖ್ಯಸ್ಥ ಜೇಮ್ಸ್ ಬರ್ಕ್ ಅವರು ದೇಶದಾದ್ಯಂತ ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ವಾಪಸು ತರಿಸಿದರು. ಅದರ ಮೌಲ್ಯ 10 ಕೋಟಿ ಡಾಲರಿಗೂ ಹೆಚ್ಚು. ತೆರೆದರೆ ಗುರುತು ಉಳಿಯುವ ಮೊಹರಿನೊಂದಿಗೆ ಮಾತ್ರೆ ಮತ್ತೆ ಬಂತು, ಕಳೆದುಕೊಂಡ ಗ್ರಾಹಕರಲ್ಲಿ ಹೆಚ್ಚಿನವರು ಮರಳಿದರು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲುತ್ತದೆ, ನನಗೆ ಮುಖ್ಯವಾಗಿ ಕಾಣುವುದು ಅದರ ಹಿಂದಿನ ಭಾಗ. ಮೊದಲ ಹೊಣೆ ಔಷಧ ಬಳಸುವವರಿಗೆ ಎಂದು ಹೇಳುವ ಒಂದು ಪುಟದ ಹೇಳಿಕೆಯನ್ನು ಆ ಕಂಪನಿ 1943ರಲ್ಲೇ ಬರೆದಿತ್ತು. 1970ರ ದಶಕದಲ್ಲಿ ಬರ್ಕ್ ತಮ್ಮ ಮ್ಯಾನೇಜರುಗಳನ್ನು ಕೂರಿಸಿಕೊಂಡು, ಇದನ್ನು ನಾವು ನಿಜಕ್ಕೂ ನಂಬುತ್ತೇವೆಯೇ, ಇಲ್ಲವಾದರೆ ಗೋಡೆಯಿಂದ ತೆಗೆದುಹಾಕೋಣ ಎಂದು ವಾದಕ್ಕೆ ಹಚ್ಚಿದ್ದರು. ವಿಷದ ಸುದ್ದಿ ಬಂದ ದಿನ ಆ ಪ್ರಶ್ನೆ ಅವರಿಗೆ ಹೊಸದಾಗಿರಲಿಲ್ಲ. ಇಂಥ ಅಭ್ಯಾಸ ಒಮ್ಮೆ ಬಂದರೆ ಕಾಯಂ ಎಂದೂ ಅಲ್ಲ. ಅದೇ ಕಂಪನಿ ಮುಂದೆ ತನ್ನ ಟಾಲ್ಕಂ ಪೌಡರಿನ ಸುರಕ್ಷತೆಯ ಬಗ್ಗೆ ಸಾವಿರಾರು ಮೊಕದ್ದಮೆಗಳನ್ನು ಎದುರಿಸಿತು.

ನಮ್ಮ ಕಡೆಯ ಸಣ್ಣ ಉದ್ಯಮಗಳಿಗೆ ಇದು ಅನ್ವಯಿಸುವುದು ಹೇಗೆ? ಮನೆಯಲ್ಲಿ ಮಾವಿನ ಉಪ್ಪಿನಕಾಯಿ ಹಾಕಿ ಮಾರುವ ಒಬ್ಬರನ್ನು ಊಹಿಸಿಕೊಳ್ಳೋಣ. ಜಾಡಿಯಲ್ಲಿ ಬೂಷ್ಟು ಬಂದಿರುವುದು ಕಾಣುವ ಹೊತ್ತಿಗೆ ಅದೇ ಜಾಡಿಯಿಂದ ತುಂಬಿದ ನಲವತ್ತು ಬಾಟಲಿಗಳು ಮಾರಾಟವಾಗಿ ಹೋಗಿವೆ. ಇದು ನಷ್ಟದ ಪ್ರಶ್ನೆಯೂ ಹೌದು, ರುಚಿಯ ಪ್ರಶ್ನೆಯೂ ಹೌದು, ಹೆಸರು ಕೆಡುವ ಪ್ರಶ್ನೆಯೂ ಹೌದು. ಈ ಮೂರರ ಗದ್ದಲದಲ್ಲಿ, ಬಸುರಿಯೊಬ್ಬಳೋ ವಯಸ್ಸಾದವರೋ ಅದನ್ನು ಈ ಹೊತ್ತು ಊಟಕ್ಕೆ ಬಡಿಸಿಕೊಳ್ಳುತ್ತಿರಬಹುದು ಎಂಬುದು ಕಾಣಬೇಕು. ಕಂಡ ಮೇಲೆ ನಲವತ್ತು ಮನೆಗಳಿಗೂ ಫೋನ್ ಮಾಡಬೇಕು. ಆದರೆ ಯಾವ ಬಾಟಲಿ ಯಾರ ಮನೆಗೆ ಹೋಯಿತು ಎಂಬುದು ಗೊತ್ತಿದ್ದರೆ ಮಾತ್ರ ಫೋನ್ ಮಾಡಲು ಸಾಧ್ಯ. ಆಹಾರ ಪದಾರ್ಥದ ಚೀಟಿಯ ಮೇಲೆ ಬ್ಯಾಚ್ ಸಂಖ್ಯೆ ಮತ್ತು ತಯಾರಿಸಿದ ದಿನಾಂಕ ಇರಬೇಕೆಂಬ ನಿಯಮ ಹಲವರಿಗೆ ಕಿರಿಕಿರಿಯ ಕಾಗದಪತ್ರವಾಗಿ ತೋರುತ್ತದೆ. ಅಡುಗೆಮನೆಯ ಮೊಳೆಗೆ ದಾರ ಕಟ್ಟಿ ತೂಗುಹಾಕಿದ ನೋಟ್‌ಬುಕ್ಕಿನಲ್ಲಿ, ಅರಿಸಿನದ ಬೆರಳಚ್ಚುಗಳ ನಡುವೆ, ‘ಮೂರನೇ ಜಾಡಿ, ಮೇ 12, ಇಂಥವರಿಗೆ ಎರಡು ಬಾಟಲಿ’ ಎಂದು ಬರೆದಿಟ್ಟ ಸಾಲಿನಿಂದ ಆ ಮೊದಲ ಕರೆ ಶುರುವಾಗುತ್ತದೆ.